ಬೆಲ್ಲವಿಲ್ಲದ ಅಂಟಿನುಂಡಿಯೂ ನಮ್ಮ ಡಾಕ್ಟರ್ ಬಾಯಿಯವರೂ

ಮಾನ್ಯ ಓದುಗರಲ್ಲಿ ಸವಿನಯ ಅರಿಕೆ.

ನನ್ನ ಅಕ್ಷರ ದುಂಡಾಗಿಲ್ಲ, ಒತ್ತಕ್ಷರಗಳಲ್ಲಿ ತಪ್ಪುವ ಅಭ್ಯಾಸವೂ ಇದೆ. ಅದಕ್ಕಾಗಿ ಮೊದಲಿಗೇ ಕ್ಷಮೆ ಕೋರಿ, ಈ ಬರಹವನ್ನು ನಮ್ಮ ಡಾಕ್ಟರ್ ಬಾಯಿಯವರ ಎಡಗೈ ಉಂಗುರಬೆರಳಿನ ತುದಿಯಿಂದ ಆರಂಭಿಸಲು ಅನುಮತಿ ಬೇಡುತ್ತೇನೆ. ಸದರಿ ಬೆರಳಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಗುಂಪುಗೂಡಿದ್ದವು. ದೂರದಿಂದ ನೋಡಿದವರಿಗೆ ಮಸಿ ಹತ್ತಿದಂತೆ ಕಾಣುತ್ತಿತ್ತು. ಅವು ಸೂಜಿ ಚುಚ್ಚಿದ ಗುರುತುಗಳು. ಸೂಜಿ ಕಂಡೊಡನೆ ಕೈ ಹಿಂದಕ್ಕೆಳೆದುಕೊಳ್ಳುವ ರೋಗಿ ಬಂದರೆ, ಅವರು ಹೊಸ ಸೂಜಿಯನ್ನು ತೆಗೆದು ಮೊದಲು ತಮ್ಮ ಬೆರಳಿಗೆ ಚುಚ್ಚಿಕೊಂಡು, ಹನಿ ರಕ್ತವನ್ನು ರೋಗಿಯ ಮುಖದ ಮುಂದೆ ಹಿಡಿದು, "ನಾ ಅತ್ತೇನೇನು? ಇಲ್ಲಲ್ಲ. ಹಂಗಾದ್ರ ಕೊಡ್ರಿ ಕೈ" ಎನ್ನುತ್ತಿದ್ದರು. ಆ ಸೂಜಿಯನ್ನು ಎಸೆದು, ರೋಗಿಗೆ ಬೇರೊಂದನ್ನು ತೆಗೆಯುತ್ತಿದ್ದರು.

ನನ್ನ ಬಗ್ಗೆ ಹೇಳಬೇಕಾದದ್ದು ಬಹಳವಿಲ್ಲ. ನಾನು ರೋಣದ ಒಂದು ಸರ್ಕಾರಿ ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುತ್ತಿದ್ದ ಗುಮಾಸ್ತ. ಬಂದ ಪತ್ರವನ್ನು ಸ್ವೀಕರಿಸುವುದು, ಹೋಗುವ ಪತ್ರವನ್ನು ರವಾನಿಸುವುದು, ಇವುಗಳಲ್ಲೇ ನನ್ನ ಸೇವೆ ಮುಗಿದಿದೆ. ಬೇರೆಯವರು ಬರೆದದ್ದನ್ನು ನಕಲು ಮಾಡಿದ್ದೇನೆಯೇ ಹೊರತು ಸ್ವಂತವಾಗಿ ಒಂದು ಪುಟವನ್ನೂ ಬರೆದವನಲ್ಲ. ಆದ ಕಾರಣ ಈ ಬರಹವು ಅಲ್ಲಲ್ಲಿ ಕಚೇರಿಯ ಪತ್ರದಂತೆ ತೋರಿದರೆ ಓದುಗರು ಸಹಿಸಿಕೊಳ್ಳಬೇಕು.

ಹೆಣ್ಣು ಡಾಕ್ಟರರನ್ನು 'ಬಾಯಿ' ಎನ್ನುವುದು ನಮ್ಮ ಕಡೆಯ ರೂಢಿ; ಎದುರಿಗೆ ಜನರು ಇವರನ್ನು 'ಬಾಯಾರ' ಎಂದೇ ಕರೆಯುತ್ತಿದ್ದರು. ಅವರ ಮನೆ ಗಜೇಂದ್ರಗಡದಲ್ಲಿ, ಗುಡ್ಡದ ಬುಡದ ಓಣಿಯಲ್ಲಿತ್ತು. ಮನೆಯ ಮುಂದಿನ ಕೋಣೆಯೇ ದವಾಖಾನೆ. ಇದಲ್ಲದೆ ವಾರದಲ್ಲಿ ಕೆಲವು ದಿನ ರೋಣದಲ್ಲಿ, ಒಂದು ದಿನ ನರಗುಂದದಲ್ಲಿ ಬಾಡಿಗೆ ಕೋಣೆಗಳಲ್ಲಿ ಕುಳಿತು ರೋಗಿಗಳನ್ನು ನೋಡುತ್ತಿದ್ದರು. ಸ್ವಂತ ವಾಹನ ಇರಲಿಲ್ಲ. ಕೆಂಪು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ರೊಟ್ಟಿಯಲ್ಲಿ ಪಲ್ಯ ಸುತ್ತಿಕೊಂಡು ತಿನ್ನುತ್ತ ಊರಿಂದೂರಿಗೆ ಹೋಗುವುದು ಅವರ ಪದ್ಧತಿ. ಬಸ್ಸಿನಲ್ಲಿ ಯಾರಾದರೂ ರೋಗದ ವಿಷಯ ತೆಗೆದರೆ, "ಬಸ್ಸಿನ್ಯಾಗ ನಾನೂ ಒಬ್ಬಾಕಿ ಪ್ಯಾಸೆಂಜರ್, ಸುಮ್ನ ಕೂಡ್ರಿ" ಎಂದು ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು.

ಅವರು ಸಿಟ್ಟಿನ ಮನುಷ್ಯರೆಂಬುದನ್ನು ಮುಚ್ಚಿಡುವುದು ಸರಿಯಲ್ಲ. 'ಸ್ವಲ್ಪ' ಎಂಬ ಶಬ್ದ ಅವರಿಗೆ ಆಗಿಬರುತ್ತಿರಲಿಲ್ಲ. "ಸ್ವಲ್ಪ ಅನ್ನ ಉಂಡೆ ಅಂದ್ರ ಎಷ್ಟ ಉಂಡ್ರಿ? ಕೈಯಾಗ ತೋರ್ಸ್ರಿ" ಎನ್ನುತ್ತಿದ್ದರು. ರೋಗಿ ಅಂಗೈಯನ್ನು ಚಿಕ್ಕದಾಗಿ ಮಡಚಿ ತೋರಿಸಿದರೆ, ಜೊತೆಗೆ ಬಂದ ಹೆಂಡತಿಯ ಕಡೆ ತಿರುಗಿ, "ನೀವು ತೋರ್ಸ್ರಿ" ಎನ್ನುತ್ತಿದ್ದರು. ಆಕೆ ಎರಡೂ ಕೈ ಕೂಡಿಸಿ ಬೊಗಸೆ ಮಾಡುತ್ತಿದ್ದಳು. ಆಗ ಬೈಗುಳ ಶುರುವಾಗುತ್ತಿತ್ತು. ಹೊರಗೆ ಕಟ್ಟಿಗೆಯ ಬಾಕಿನ ಮೇಲೆ ಕುಳಿತು ಸರದಿ ಕಾಯುತ್ತಿದ್ದ ನಾವು ಒಳಗಿನ ಬೈಗುಳವನ್ನು ಕೇಳಿಸಿಕೊಂಡು, ನಮ್ಮ ಉತ್ತರಗಳನ್ನು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಿದ್ದೆವು.

ಆದರೆ ರೋಗವನ್ನು ತಿಳಿಸಿ ಹೇಳುವಾಗ ಅವರ ದನಿಯೇ ಬೇರೆಯಾಗುತ್ತಿತ್ತು. ಒಂದೊಂದು ಊರಿಗೆ ಒಂದೊಂದು ಹೋಲಿಕೆ ಇಟ್ಟುಕೊಂಡಿದ್ದರು. ಗಜೇಂದ್ರಗಡದ ನೇಕಾರರಿಗೆ ಮಗ್ಗದ ಮಾತು, ನರಗುಂದದವರಿಗೆ ಮಲಪ್ರಭಾ ಕಾಲುವೆಯ ಮಾತು. ನರಗುಂದದಲ್ಲಿ ಒಬ್ಬ ರೈತರಿಗೆ ಅವರು ಹೇಳಿದ್ದನ್ನು ನಾನೇ ಕೇಳಿದ್ದೇನೆ: "ಕಾಲವಿಗೆ ನೀರ ಬಂದೈತಿ, ಹೊಲ ಒಣಗೈತಿ. ಯಾಕ? ತೂಬಿನ ಬಾಯಾಗ ರಾಡಿ ಕುಂತೈತಿ. ನಿಮ್ಮ ಮೈಯಾಗೂ ಹಂಗ. ಸಕ್ಕರಿ ರಕ್ತದಾಗ ತುಂಬಿ ಹರಿಯಾಕತ್ತೈತಿ, ಒಳಗ ಹೋಗವಲ್ದು." ಆ ರೈತರು ತಲೆಯಾಡಿಸಿ, "ಹಂಗಾದ್ರ ರಾಡಿ ತಗೀರಿ ಬಾಯಾರ" ಎಂದರು. "ತಗಿಯಾಕಿ ನಾ ಅಲ್ಲ, ನೀವು. ದಿನಾ ಹೊಲದ ತನಕ ನಡದ ಹೋಗ್ರಿ, ಗಾಡಿ ಮನ್ಯಾಗ ಇರ್ಲಿ" ಎಂದರು ಬಾಯಿಯವರು.

ಅವರದ್ದೊಂದು ಮಾತು ಮೂರೂ ಊರಿನಲ್ಲಿ ಪ್ರಚಾರದಲ್ಲಿತ್ತು. "ನಾಲಿಗಿ ಸುಳ್ಳ ಹೇಳತೈತಿ, ರಕ್ತ ಸುಳ್ಳ ಹೇಳೂದಿಲ್ಲ." ಸಿಹಿ ತಿಂದಿಲ್ಲವೆಂದು ವಾದಿಸುವವರಿಗೆ ಇದೇ ಅವರ ಕೊನೆಯ ಉತ್ತರವಾಗಿತ್ತು. ಈ ಮಾತಿನ ಏಟು ನನಗೂ ಬಿದ್ದಿತು. ಸದರಿ ವಿಷಯವನ್ನು ವಿವರವಾಗಿ ತಿಳಿಸುವುದೇ ಈ ಬರಹದ ಉದ್ದೇಶವಾಗಿದೆ.

ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾದಾಗ ನಾನಿನ್ನೂ ಸೇವೆಯಲ್ಲಿದ್ದೆ. ಬಾಯಿಯವರು ಗುಳಿಗೆ ಬರೆದುಕೊಟ್ಟು, "ಇವತ್ತಿಂದ ಸಕ್ಕರಿ, ಬೆಲ್ಲ, ಸಿಹಿ ಪದಾರ್ಥ ಬಂದ್. ಅನ್ನ ಕಡಿಮಿ ಮಾಡ್ರಿ, ರೊಟ್ಟಿ ಉಣ್ರಿ" ಎಂದರು. ನಾನು ಮೇಲಧಿಕಾರಿಯ ಆದೇಶವನ್ನು ಪಾಲಿಸುವವನಂತೆ ಪಾಲಿಸಿದೆ. ಚಹಾಕ್ಕೆ ಸಕ್ಕರೆ ಬಿಟ್ಟೆ. ಕಚೇರಿಯಲ್ಲಿ ಬಡ್ತಿ, ಮಗುವಿನ ಹುಟ್ಟು, ಮನೆಯ ವಾಸ್ತುಶಾಂತಿ ಎಂದು ಯಾರಾದರೂ ಪೇಢೆ ತಂದರೆ ಡಬ್ಬಿಯನ್ನು ಕೈಯಲ್ಲಿ ಹಿಡಿದು ಪಕ್ಕದವರಿಗೆ ದಾಟಿಸುತ್ತಿದ್ದೆ. ಯುಗಾದಿಯ ಹೋಳಿಗೆಯನ್ನೂ ಮುಟ್ಟಲಿಲ್ಲ. ಆದರೂ ಸಕ್ಕರೆ ಇಳಿಯಲಿಲ್ಲ. ಪ್ರತಿ ಸಲ ಪರೀಕ್ಷೆ ಮಾಡಿಸಿದಾಗಲೂ ಏರಿಯೇ ಇರುತ್ತಿತ್ತು. ಬಾಯಿಯವರು ಗುಳಿಗೆಯನ್ನು ಹೆಚ್ಚಿಸಿದರು. ಅದರಿಂದಲೂ ಉಪಯೋಗವಾಗಲಿಲ್ಲ. ಮೈ ಮಾತ್ರ ಇಳಿಯುತ್ತ ಬಂದಿತು. ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಡಿಲಾಯಿತು.

ಇದರ ಪರಿಣಾಮ ಮನೆಯಲ್ಲಿ ಬೇರೆಯೇ ಆಯಿತು. ಇವರು ಎಲ್ಲೋ ಕದ್ದು ತಿನ್ನುತ್ತಿದ್ದಾರೆ ಎಂದು ನನ್ನ ಹೆಂಡತಿಗೆ ಖಾತ್ರಿಯಾಯಿತು. ಅವಳನ್ನು ದೂರುವಂತಿಲ್ಲ, ಯಾರಿಗೇ ಆದರೂ ಹಾಗೆಯೇ ಅನ್ನಿಸುತ್ತಿತ್ತು. "ನೀವು ಬಾಯಿ ಕಟ್ಟೀನಿ ಅಂತೀರಿ. ಹಂಗಾದ್ರ ರಕ್ತದಾಗ ಸಕ್ಕರಿ ಗೋಡಿ ಮ್ಯಾಲಿಂದ ಬಂತೇನ್ರಿ?" ಎಂದು ಕೇಳುತ್ತಿದ್ದಳು. ಬೆಲ್ಲದ ಡಬ್ಬಿ ಟ್ರಂಕಿನೊಳಗೆ ಹೋಯಿತು. ಸಂಜೆ ಕಚೇರಿಯಿಂದ ಬಂದೊಡನೆ ನನ್ನ ಅಂಗಿಯನ್ನು ಒಗೆಯಲು ತೆಗೆದುಕೊಳ್ಳುವ ನೆಪದಲ್ಲಿ ಕಿಸೆಯ ತಳ ತಡವುತ್ತಿದ್ದಳು. ಕಚೇರಿಯಲ್ಲಿಯೂ ಈ ಸುದ್ದಿ ಹಬ್ಬಿ, "ಟಪಾಲಿನ ಕಪಾಟಿನ್ಯಾಗ ಇರಿವಿ ಆಗ್ಯಾವಂತಲ್ಲರೀ" ಎಂದು ನಗುವವರಾದರು.

ಒಂದು ಸಂದರ್ಭವನ್ನು ಇಲ್ಲಿ ನಮೂದಿಸುವುದು ಅವಶ್ಯಕ. ಹೆಂಡತಿಯ ತವರು ಹೊಳೆಆಲೂರು. ಅಲ್ಲಿ ಆಕೆಯ ಅಣ್ಣನ ಮನೆಯಲ್ಲಿ ಒಂದು ಕಾರ್ಯವಿತ್ತು. ಊಟದ ಪಂಕ್ತಿಯಲ್ಲಿ ಗೋಧಿ ಹುಗ್ಗಿ ಬಡಿಸುತ್ತ ಬಂದರು. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದು ಬೇಡವೆಂದೆ. ಬಡಿಸುವಾತ ಉಪಚಾರಕ್ಕಾಗಿ, "ಒಂದ ಸೌಟ ಹಾಕಸ್ಕೋರಿ ಮಾವಾರ" ಎಂದ. ಎದುರು ಪಂಕ್ತಿಯಲ್ಲಿ ಹೆಂಗಸರ ನಡುವೆ ಕುಳಿತಿದ್ದ ನನ್ನ ಹೆಂಡತಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಹಾಕಬ್ಯಾಡೋ ತಮ್ಮಾ. ಇಲ್ಲೆ ಬ್ಯಾಡ ಅಂತಾರ, ಆಮ್ಯಾಲ ಯಾರೂ ಇಲ್ಲದಾಗ ಅಡಗಿ ಮನಿ ಹೊಗತಾರ. ಅವ್ರ ಮಾತಿಗೆ ಏನ ಬೆಲಿ ಐತಿ." ಪಂಕ್ತಿಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ದಿನದಿಂದ ನನಗೆ ಸಕ್ಕರೆಗಿಂತ ಈ ಮಾತೇ ದೊಡ್ಡ ಕಾಯಿಲೆಯಾಯಿತು. ನನ್ನಂತಹವನಿಗೆ ಆಸ್ತಿಯಿಲ್ಲ, ಅಧಿಕಾರವಿಲ್ಲ. ಹೇಳಿದ ಮಾತನ್ನು ಮನೆಯವರು ನಂಬುತ್ತಾರೆ ಎಂಬುದಷ್ಟೇ ಇತ್ತು. ಅದೂ ಹೋಯಿತು ಎನ್ನಿಸಿತು.

ಮನೆಯಲ್ಲಿ ನನ್ನನ್ನು ನಂಬುತ್ತಿದ್ದವಳು ಅವ್ವ ಒಬ್ಬಳೇ. ಅವ್ವ ಶಿರೋಳದ ಒಕ್ಕಲು ಮನೆತನದ ಮಗಳು. ಮಾತು ಕಡಿಮೆ. "ನನ್ನ ಮಗಾ ಸುಳ್ಳ ಹೇಳೂದಿಲ್ಲ, ಅವ್ನ ಮೈ ನೋಡ್ರಿ ಹ್ಯಾಂಗಾಗೈತಿ" ಎಂದಷ್ಟೇ ಹೇಳಿ, ನನ್ನ ಮೈ ತುಂಬಿಸುವ ಕೆಲಸವನ್ನು ತಾನೇ ವಹಿಸಿಕೊಂಡಳು. ಅದು ಹೇಗೆಂಬುದು ಮುಂದೆ ತಿಳಿಯುತ್ತದೆ.

ಒಂದು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರೋಣದ ದವಾಖಾನೆಗೆ ಹೋದೆ. ಬೆರಳಿನ ರಕ್ತದಲ್ಲಿ ಸಕ್ಕರೆ ಹಿಂದಿನ ಸಲಕ್ಕಿಂತ ಹೆಚ್ಚಿತ್ತು. ಮೂರು ತಿಂಗಳ ಸರಾಸರಿ ನೋಡಲು ಬಾಯಿಯವರು ತೋಳಿನಿಂದಲೂ ಒಂದು ಕೊಳವೆ ರಕ್ತ ತೆಗೆದು, ಕಿಟಕಿಯ ಕಟ್ಟೆಯ ಮೇಲಿದ್ದ ಕಟ್ಟಿಗೆಯ ಚೌಕಟ್ಟಿನಲ್ಲಿ ನಿಲ್ಲಿಸಿದರು. ನಂತರ ನನ್ನ ಕಡೆ ತಿರುಗಿದರು.

"ಏನ ತಿಂದೀರಿ?"

"ಸಿಹಿ ಮುಟ್ಟಿಲ್ಲರಿ ಬಾಯಾರ."

"ನಾ ಕೇಳಿದ್ದು ಏನ ತಿಂದಿಲ್ಲ ಅಂತಲ್ಲ. ಏನ ತಿಂದೀರಿ?"

"ರೊಟ್ಟಿ, ಪಲ್ಯ. ನೀವು ಹೇಳಿದ್ದನ್ನ."

"ಆಫೀಸಿನವ್ರು ನೀವು. ಕಾಗದದಾಗ ಎಲ್ಲಾ ಸರಿ ತೋರಿಸಿ ರೂಢಿ ಆಗೈತಿ. ನನ್ನ ಮುಂದ ನಡಿಯೂದಿಲ್ಲ. ನಾಲಿಗಿ ಸುಳ್ಳ ಹೇಳತೈತಿ, ರಕ್ತ ಸುಳ್ಳ ಹೇಳೂದಿಲ್ಲ. ಖರೇ ಹೇಳೂದಿದ್ರ ಬರ್ರಿ, ಇಲ್ಲಾಂದ್ರ ಬ್ಯಾರೆ ದವಾಖಾನಿ ನೋಡ್ಕೋರಿ."

ಬಾಗಿಲು ತೆರೆದೇ ಇತ್ತು. ಹೊರಗೆ ಬಾಕಿನ ಮೇಲಿದ್ದವರೆಲ್ಲ ಕೇಳಿಸಿಕೊಂಡರು. ಜೊತೆಗೆ ಬಂದಿದ್ದ ನನ್ನ ಹೆಂಡತಿ ತಲೆ ತಗ್ಗಿಸಿ ಚೀಲ ಎತ್ತಿಕೊಂಡಳು. ದಾರಿಯಲ್ಲಿ ಅವಳು ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದಳು. ಬೈದಿದ್ದರೆ ಸುಲಭವಾಗುತ್ತಿತ್ತು. ಇನ್ನು ಆ ದವಾಖಾನೆಗೆ ಹೋಗಬಾರದು, ಗುಳಿಗೆಯನ್ನೂ ನಿಲ್ಲಿಸಬೇಕು, ಸುಳ್ಳುಗಾರನಾಗಿ ಬದುಕುವುದಕ್ಕಿಂತ ಅದೇ ಲೇಸು ಎಂದು ನಾನು ನಿರ್ಧರಿಸಿದ್ದೆ.

ಆ ದಿನ ಊರಿನಲ್ಲಿ ಕರೆಂಟ್ ಇರಲಿಲ್ಲ. ಪರೀಕ್ಷೆಯ ಯಂತ್ರ ನಡೆಯದ ಕಾರಣ ನನ್ನ ಕೊಳವೆ ಕಿಟಕಿಯಲ್ಲಿ ಹಾಗೆಯೇ ನಿಂತಿತ್ತು. ನಿಂತಲ್ಲೇ ರಕ್ತ ತಳಕ್ಕಿಳಿಯಿತು. ರೋಗಿಗಳು ಮುಗಿದ ಮೇಲೆ ಬಾಯಿಯವರು ಸಾಮಾನು ಜೋಡಿಸುತ್ತ ಅದನ್ನು ಬೆಳಕಿಗೆ ಹಿಡಿದು ನೋಡಿದರಂತೆ. ಮೇಲಿನ ನೀರು ಸಹಜವಾಗಿ ಒಣಹುಲ್ಲಿನ ಬಣ್ಣದ್ದಿರಬೇಕು. ನನ್ನದು ಮಜ್ಜಿಗೆಯಂತೆ ಬೆಳ್ಳಗಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿಯ ಸಪ್ಪಳವಾಯಿತು. ಗಜೇಂದ್ರಗಡದ ಬಸ್ಸನ್ನು ಬಿಟ್ಟು, ದಾರಿ ಕೇಳಿಕೊಂಡು ನಡೆಯುತ್ತ ಬಾಯಿಯವರು ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ಆ ಕೊಳವೆ ಇತ್ತು. ನಾನು ಕುರ್ಚಿ ತಂದೆ. ಕೂಡಲಿಲ್ಲ.

"ಮನ್ಯಾಗಿನವ್ರನ್ನೆಲ್ಲಾ ಕರೀರಿ" ಎಂದರು.

ಹೆಂಡತಿ ಬಂದಳು. ಅವ್ವ ಅಡುಗೆಮನೆಯಲ್ಲಿದ್ದಳು, ಕೈ ಜಿಡ್ಡಾಗಿದೆ ಎಂದು ಅಲ್ಲಿಂದಲೇ ಹೇಳಿದಳು. ಆಗ ಬಾಯಿಯವರೇ ಅಡುಗೆಮನೆಗೆ ನಡೆದರು. ನಾವು ಹಿಂಬಾಲಿಸಿದೆವು. ಅಲ್ಲಿ ನಿಂತು ಅವರು ನನಗೆ ಹೇಳಿದ ಮಾತನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ.

"ಮುಂಜಾಲಿ ನಾಕ ಮಂದಿ ಮುಂದ ನಿಮಗ ಸುಳ್ಳ ಹೇಳ್ತೀರಿ ಅಂದೆ. ನಂದ ತಪ್ಪಾತ್ರಿ. ರಕ್ತ ಸುಳ್ಳ ಹೇಳಿರ್ಲಿಲ್ಲ, ನಾ ಅರ್ಧಾ ಓದಿದ್ದೆ. ಸಕ್ಕರಿ ಒಂದ ನೋಡಿದೆ, ಈ ಬೆಳ್ಳಗ ನಿಂತ ಕೊಬ್ಬು ನೋಡ್ಲಿಲ್ಲ. ಇದನ್ನ ಫೋನಿನ್ಯಾಗ ಹೇಳೂದು ಸರಿ ಅಲ್ಲ ಅಂತ ಬಂದೆ."

ನಾನು "ಇರ್ಲಿ ಬಿಡ್ರಿ" ಎಂದೆ ಎಂದು ನೆನಪು. ಹೆಂಡತಿ ಮಾತ್ರ ಸುಮ್ಮನಿರಲಿಲ್ಲ.

"ಹಂಗಂದ್ರ ಇವ್ರು ಸಿಹಿ ತಿಂದಿಲ್ಲೇನ್ರಿ ಬಾಯಾರ?"

"ತಿಂದಿರಲಿಕ್ಕಿಲ್ಲ."

"ತಿನ್ನದ ಸಕ್ಕರಿ ಎಲ್ಲಿಂದ ಬಂತ್ರಿ ಮತ್ತ?"

"ರೊಟ್ಟಿ ಹೊಟ್ಟ್ಯಾಗ ಹೋದ ಮ್ಯಾಲ ಏನ ಆಕ್ಕೈತಿ ಅಂತ ಮಾಡೀರಿ? ಅದೂ ಸಕ್ಕರಿನ. ಉಪವಾಸ ಬಿದ್ರೂ ಒಳಗ ಯಕೃತ್ತು ಕುಂತು ಸಕ್ಕರಿ ಮಾಡಿ ರಕ್ತಕ್ಕ ಬಿಡತೈತಿ. ಅದೆಲ್ಲಾ ಎಲ್ಲಾರ ಮೈಯಾಗೂ ನಡಿಯೂದು. ನಿಮ್ಮ ಯಜಮಾನ್ರ ಮೈಯಾಗ ಅದನ್ನ ಎಳದು ಹಾಕವ್ರಿಲ್ಲ."

ಹೀಗೆ ಹೇಳುತ್ತಿರುವಾಗಲೇ ಅವರ ಕಣ್ಣು ಅವ್ವನ ಮುಂದಿದ್ದ ಅಗಲ ತಟ್ಟೆಯಂಥ ಪರಾತದ ಮೇಲೆ ಬಿದ್ದಿತು. ಅವ್ವ ಅಂಟಿನುಂಡಿ ಕಟ್ಟುತ್ತಿದ್ದಳು. ಅಂಟಿನುಂಡಿಯೆಂದರೆ ನಮ್ಮ ಸೀಮೆಯಲ್ಲಿ ಬಾಣಂತಿಯರಿಗೆ ಕೊಡುವ ಪದಾರ್ಥ. ತುಪ್ಪದಲ್ಲಿ ಹುರಿದ ಮರದ ಅಂಟು, ಒಣಕೊಬ್ಬರಿ, ಉತ್ತತ್ತಿ ಎಂಬ ಒಣ ಖರ್ಜೂರ, ಗಸಗಸೆ, ಗೋಡಂಬಿ ಕೂಡಿಸಿ ಬೆಲ್ಲದ ಪಾಕದಲ್ಲಿ ಕಟ್ಟುತ್ತಾರೆ. ಬಾಯಿಯವರು ನೆಲದ ಮೇಲೆಯೇ ಕುಳಿತು ಒಂದು ಉಂಡಿಯನ್ನು ಎತ್ತಿಕೊಂಡರು.

"ಮನ್ಯಾಗ ಯಾರ ಹಡದಾರ್ರಿ ಅವ್ವಾರ?"

"ಯಾರೂ ಇಲ್ರಿ. ನನ್ನ ಮಗಗ. ಮೈ ಭಾಳ ಇಳದಾನ್ರಿ. ಬೆಲ್ಲ ಒಂದ ಚೂರೂ ಹಾಕಿಲ್ಲರಿ, ಉತ್ತತ್ತಿ ಸೈತ ಬಿಟ್ಟೀನಿ."

"ಬೆಲ್ಲಿಲ್ಲದ ಉಂಡಿ ಹ್ಯಾಂಗ ಕಟ್ಟತೈತ್ರಿ?"

"ತುಪ್ಪ ಹೆಚ್ಚಿಗಿ ಹಾಕಬೇಕ್ರಿ. ಹಾಕಿದ್ರ ಕಟ್ಟತೈತಿ."

ಬಾಯಿಯವರು ಉಂಡಿಯನ್ನು ಪೂರ್ತಿ ತಿಂದರು. ಬೆರಳು ನೆಕ್ಕಿಕೊಂಡು, "ದಿನಾ ಎಷ್ಟು? ಕೈಯಾಗ ತೋರ್ಸ್ರಿ" ಎಂದರು. ಅವ್ವ ಯಾವುದನ್ನೂ ಮುಚ್ಚಿಡಲಿಲ್ಲ. ಬೆಳಿಗ್ಗೆ ಉಂಡಿ, ಸಂಜೆ ಉಂಡಿ, ರೊಟ್ಟಿಯ ಮೇಲೆ ಕರಗಿಸಿದ ತುಪ್ಪ, ತುಪ್ಪದ ಮೇಲೆ ಬೆಣ್ಣೆ, ಶೇಂಗಾ ಚಟ್ನಿಪುಡಿಯಲ್ಲಿ ಕುಳಿ ಮಾಡಿ ಅದರ ತುಂಬ ಕುಸುಬಿ ಎಣ್ಣೆ. ಎಲ್ಲವನ್ನೂ ಸೌಟು, ಅಂಗೈ, ಬೆರಳುಗಳಿಂದ ಅಳೆದು ತೋರಿಸಿದಳು. ಸಕ್ಕರೆ ಬಿಟ್ಟ ಮೈಗೆ ಶಕ್ತಿ ಬೇರೆ ಕಡೆಯಿಂದ ಬರಬೇಕು ಎಂಬುದು ಅವಳ ಲೆಕ್ಕ. ಸೊರಗಿದ ಮೈಯೆಂದರೆ ಅವಳಿಗೆ ಗೊತ್ತಿದ್ದದ್ದು ಬಾಣಂತಿಯ ಮೈ. ಆ ಆರೈಕೆಯನ್ನೇ ಬೆಲ್ಲ ತೆಗೆದು ನನಗೆ ಮಾಡಿದ್ದಳು. ನಾನೂ ಸಿಹಿಯಲ್ಲವಲ್ಲ ಎಂದು ತಿಂದಿದ್ದೆ. ಸಂಜೆ ಕಚೇರಿಯ ಹೊರಗೆ ಮಿರ್ಚಿ ಭಜಿಯನ್ನೂ ಅದೇ ಧೈರ್ಯದಿಂದ ತಿನ್ನುತ್ತಿದ್ದೆ.

ಬಾಯಿಯವರು ನಕ್ಕರು. "ಅವ್ವಾರ, ಬಾಣಂತನ ಚಲೋ ಮಾಡೀರಿ. ಆದ್ರ ಇವ್ರು ಹಡದಿಲ್ಲಲ್ಲರೀ."

ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಬಹಳ ತಿಂಗಳುಗಳ ನಂತರ ಅವಳು ನನ್ನ ಕಡೆ ನೋಡಿ ನಕ್ಕದ್ದು ಅದೇ ಮೊದಲು. ಅವ್ವ ನಗಲಿಲ್ಲ. ಬಾಯಿಯವರ ಕೈಯಲ್ಲಿದ್ದ ಕೊಳವೆಯನ್ನೂ ಪರಾತವನ್ನೂ ನೋಡಿದಳು. ಉಂಡಿ ಕಟ್ಟುತ್ತಿದ್ದ ಕೈ ನಿಂತಿತು.

"ಹಂಗಾದ್ರ ನಾನ ನನ್ನ ಮಗಗ ವಿಷಾ ತಿನಿಸಿದ್ನೇನ್ರಿ?"

ಆ ಹೊತ್ತಿನಲ್ಲಿ ನನಗೆ ಭಯವಾಯಿತು. ನನ್ನ ಮಾತು ನಿಜವೆಂದು ಸ್ಥಾಪಿತವಾಗುವುದಕ್ಕೆ ಅವ್ವ ತಪ್ಪಿತಸ್ಥಳಾಗಬೇಕಾಗಿತ್ತು. ಅಂಥ ತೀರ್ಪು ನನಗೆ ಬೇಡವಾಗಿತ್ತು. ಬಾಯಿಯವರ ಬಾಯಿಯಿಂದ ಏನು ಬರುತ್ತದೋ ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಯಾರನ್ನೂ ಬಿಡದೆ ಬೈದವರು ಅವರು.

"ಇಲ್ರಿ" ಎಂದರು. "ಮಗನ ಮೈ ಇಳಿಯೂದನ್ನ ನೀವು ನೋಡಿದ್ರಿ. ಇವ್ರ ಆಫೀಸಿನವ್ರು ನೋಡ್ಲಿಲ್ಲ, ನಾನೂ ನೋಡಿದ್ದಿಲ್ಲ, ಬರೇ ಮಷೀನಿನ ಅಂಕಿ ನೋಡ್ದೆ. ಸಕ್ಕರಿ ಬಿಡ್ರಿ ಅಂತ ಅರ್ಧಾ ಮಾತ ಹೇಳಿ ಕಳಿಸ್ದಾಕಿ ನಾನು. ಉಳಿದರ್ಧ ಹೇಳದ ನಿಮಗ ಹ್ಯಾಂಗ ಗೊತ್ತಾಗಬೇಕು? ಈಗ ಹೇಳ್ತೀನಿ, ಕೇಳ್ರಿ. ನೀವು ಒಕ್ಕಲುತನದ ಮನ್ಯಾಗ ಬೆಳದವ್ರು. ಹಸಿ ಎರಿ ಹೊಲದಾಗ ಎತ್ತ ಹೂಡಿದ್ರ ಏನಾಕ್ಕೈತಿ?"

"ಹಸಿ ಎರಿಯಾಗ ಯಾರ ಹೂಡ್ತಾರ್ರಿ?" ಎಂದಳು ಅವ್ವ, ಇನ್ನೂ ಮುಖ ಎತ್ತದೆ.

"ಹೂಡಿದ್ರು ಅನ್ರಿ."

"ಕುಂಟಿಗೆ ಮಣ್ಣ ಮೆತ್ತಗೊಂತೈತಿ. ಮೊದ್ಲ ಎತ್ತ ಜೋರಲೇ ಎಳಿತಾವ, ಇದ್ದ ಶಕ್ತಿ ಎಲ್ಲಾ ಹಾಕ್ತಾವ. ಆಮ್ಯಾಲ ಕುಂತ ಬಿಡ್ತಾವ. ಬಾರಕೋಲ ತೊಗೊಂಡ್ರೂ ಏಳೂದಿಲ್ಲ."

"ಅಷ್ಟ ನೋಡ್ರಿ. ಹೊಟ್ಟ್ಯಾಗ ಒಂದ ಗ್ರಂಥಿ ಐತಿ, ಇನ್ಸುಲಿನ್ ಅಂತ ರಸಾ ಬಿಡತೈತಿ. ಅದ ಎತ್ತು. ಸಕ್ಕರಿ ಎಳಿಯೂದು ಅದರ ಕೆಲಸ. ರಕ್ತದಾಗ ಕೊಬ್ಬ ಏರಿದ್ರ ಹೊಲಾ ಹಸಿ ಆತು. ಮೊದ್ಲ ಗ್ರಂಥಿ ಇನ್ನೂ ಜೋರ ಮಾಡತೈತಿ, ರಸಾ ಹೆಚ್ಚ ಬಿಡತೈತಿ. ತಿಂಗಳಗಟ್ಲೆ ಹಂಗ ಇದ್ರ ಸೋಲತೈತಿ. ಅತ್ತಾಗ ಮೈಯೂ ಅದರ ಮಾತ ಕೇಳೂದ ಬಿಡತೈತಿ. ಸಕ್ಕರಿ ಕಾಯಿಲೆ ಕೊಬ್ಬನ್ನ ಏರಸತೈತಿ, ಕೊಬ್ಬು ಸಕ್ಕರಿನ ಏರಸತೈತಿ. ಎರಡೂ ಒಂದರ ಕೈ ಒಂದು ಹಿಡಕೊಂಡ ನಡಿತಾವ. ಒಂದನ್ನ ಬಿಟ್ಟು ಒಂದನ್ನ ಬೈದ್ರ ಆಗೂದಿಲ್ಲ."

ಅವ್ವ ಮುಖ ಎತ್ತಿ ಕೇಳಿದಳು: "ಕುಂತ ಎತ್ತು ಮತ್ತ ಏಳತೈತೇನ್ರಿ?"

"ಭಾರಾ ಇಳಿಸಿದ್ರ ಕೆಲವು ಏಳ್ತಾವ. ಪೂರಾ ಸೋತಿದ್ರ ಏಳೂದಿಲ್ಲ. ನಿಮ್ಮ ಮಗಂದು ಯಾವುದೋ ನೋಡೂಣು. ಸುಳ್ಳ ಭರೋಸ ಕೊಡೂದಿಲ್ಲ."

ಮುಂದುವರೆದು, ಬಾಯಿಯವರು ಅವ್ವನಿಗೆ ಊಟದ ಕ್ರಮವನ್ನು ಹೇಳಿಕೊಟ್ಟರು. ಉಂಡಿ, ಬೆಣ್ಣೆ, ಕರಿದದ್ದು ಬಂದ್. ತುಪ್ಪ, ಎಣ್ಣೆ ಚಮಚೆಯ ತುದಿಯಲ್ಲಿ. ತಾಟಿನಲ್ಲಿ ಮೊದಲು ಮೊಳಕೆ ಬಂದ ಮಡಕಿಕಾಳು ಅಥವಾ ಹೆಸರುಕಾಳು, ಹಸಿ ತರಕಾರಿ, ನೀರು ಮಜ್ಜಿಗೆ. ಅದು ಮುಗಿದ ಮೇಲೆ ರೊಟ್ಟಿ. ಕಾಳನ್ನು ಮೊದಲು ಏಕೆ ತಿನ್ನಬೇಕೆಂದು ಅವ್ವ ಕೇಳಿದಳು. ರೊಟ್ಟಿಯ ಜೊತೆಗೇ ಪಲ್ಯ ತಿನ್ನುವುದು ನಮ್ಮ ರೂಢಿ.

"ಕಾಳಿನ್ಯಾಗ ಪ್ರೋಟೀನ್ ಐತಿ. ಅದರ ಸತ್ವ ರಕ್ತಕ್ಕ ಸೇರಿದ್ರ ಆ ಎತ್ತಿಗೆ ಸೂಚನಾ ಹೋಕ್ಕೈತಿ. ಬಾರಕೋಲ ತೊಗೊಂಡು ಹೊಡದಾಂಗ ಅಲ್ಲ, ಮುಂದ ನಿಂತು ಹೆಸರ ಹಿಡದು ಕರದಾಂಗ. ರೊಟ್ಟಿ ಸಕ್ಕರಿ ಬರೂದ್ರೊಳಗ ಎತ್ತು ಎದ್ದು ನಿಂತಿರತೈತಿ. ಹಂಗಂತ ಬುಟ್ಟಿಗಟ್ಲೆ ಕಾಳ ತಿನಿಸಬ್ಯಾಡ್ರಿ ಮತ್ತ. ನೀವು ಕೈ ದೊಡ್ಡವ್ರು. ಮೂತ್ರಪಿಂಡಕ್ಕ ಅದೂ ಭಾರ ಆಕ್ಕೈತಿ."

ಕೊಬ್ಬು ಇಳಿಸುವ ಗುಳಿಗೆಯನ್ನೂ ಬರೆದುಕೊಟ್ಟರು. ಇಷ್ಟು ಕೊಬ್ಬು ರಕ್ತದಲ್ಲಿದ್ದರೆ ಆ ಗ್ರಂಥಿಗೇ ಬಾವು ಬಂದು ಜೀವಕ್ಕೆ ಅಪಾಯವಾಗಬಹುದೆಂದೂ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಬಂದರೆ ಹೊತ್ತು ಗೊತ್ತು ನೋಡದೆ ಲಗೂನ ಬರಬೇಕೆಂದೂ ಎಚ್ಚರಿಸಿದರು. ಹೋಗುವಾಗ ಹೊಸ್ತಿಲಲ್ಲಿ ನಿಂತು ನನ್ನ ಹೆಂಡತಿಗೆ, "ಬೆಲ್ಲದ ಡಬ್ಬಿ ಟ್ರಂಕಿನಿಂದ ತಗೀರಿ. ಅದು ಏನೂ ಮಾಡಿಲ್ಲ" ಎಂದರು. ಟ್ರಂಕಿನ ವಿಷಯವನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ಎಷ್ಟೋ ಮನೆಗಳಲ್ಲಿ ಅದು ಅಲ್ಲೇ ಇರುತ್ತಿತ್ತೇನೋ.

ಅವ್ವ ಆ ಪರಾತದ ಉಂಡಿಗಳನ್ನು ಮರುದಿನ ಓಣಿಯ ಒಬ್ಬ ಬಾಣಂತಿಯ ಮನೆಗೆ ಕೊಟ್ಟು ಬಂದಳು. ನಂತರ ಕಾಳು ನೆನೆಹಾಕುವುದು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು ಅವಳ ಕೆಲಸವಾಯಿತು. ಮನೆಗೆ ಬಂದ ನೆಂಟರು ನನ್ನ ತಾಟಿನಲ್ಲಿ ಬರೀ ಕಾಳನ್ನು ಕಂಡು, "ಯಾಕವ್ವಾ, ಮಗಗ ರೊಟ್ಟಿ ಬಡದಿಲ್ಲೇನು?" ಎಂದು ಕೇಳಿದರೆ, "ಎತ್ತು ಏಳ್ಲಿ ತಡೀರಿ" ಎನ್ನುತ್ತಿದ್ದಳು. ಅವರಿಗೆ ಅರ್ಥವಾಗುತ್ತಿರಲಿಲ್ಲ. ಅವಳು ಬಿಡಿಸಿ ಹೇಳುತ್ತಲೂ ಇರಲಿಲ್ಲ.

ಕೆಲವು ತಿಂಗಳ ನಂತರ ಬಾಯಿಯವರು ನನ್ನ ರಕ್ತದ ಕೊಳವೆಯನ್ನು ಮತ್ತೆ ಕಿಟಕಿಗೆ ಹಿಡಿದು ನನ್ನನ್ನು ಹತ್ತಿರ ಕರೆದು ತೋರಿಸಿದರು. ಮೇಲಿನ ನೀರು ತಿಳಿಯಾಗಿ, ಒಣಹುಲ್ಲಿನ ಬಣ್ಣಕ್ಕೆ ಬಂದಿತ್ತು. ಆಗ ಅವರು ಇನ್ನೊಂದು ವಿಷಯ ಹೇಳಿದರು. ಕೊಬ್ಬು ನೀರಿನಲ್ಲಿ ಕರಗುವುದಿಲ್ಲ, ರಕ್ತದಲ್ಲಿ ಅದನ್ನು ಹೊತ್ತು ಸಾಗಿಸಲು ಒಂದು ಬಗೆಯ ಪ್ರೋಟೀನೇ ಚಕ್ಕಡಿಯಾಗುತ್ತದೆ, ಚಕ್ಕಡಿಗಳು ಅತಿಯಾದರೆ ದಾರಿಯೇ ಕಟ್ಟುತ್ತದೆ ಎಂದು. ನಾನು ತಿಳಿದುಕೊಂಡಷ್ಟನ್ನು ಬರೆದಿದ್ದೇನೆ. ಸಕ್ಕರೆಯೂ ಇಳಿಯಿತು. ಪೂರ್ತಿ ಇಳಿಯಲಿಲ್ಲ. ಇಂದಿಗೂ ಗುಳಿಗೆ ನುಂಗುತ್ತಿದ್ದೇನೆ. ಬಾಯಿಯವರ ಭಾಷೆಯಲ್ಲಿ ಹೇಳುವುದಾದರೆ ಎತ್ತು ಎದ್ದಿದೆ, ಮೊದಲಿನ ಹಾಗೆ ಎಳೆಯುವುದಿಲ್ಲ.

ಹೆಂಡತಿ ನನ್ನಲ್ಲಿ ಕ್ಷಮೆ ಕೇಳಲಿಲ್ಲ. ನಾನೂ ಅದನ್ನು ನಿರೀಕ್ಷಿಸಲಿಲ್ಲ. ಆದರೆ ಮುಂದೆ ಪುರ್ತಗೇರಿಯಲ್ಲಿ ಒಂದು ಮದುವೆಯ ಊಟದಲ್ಲಿ ಬಡಿಸುವವರು ನನಗೆ ಒತ್ತಾಯ ಮಾಡಿದಾಗ, ಆಕೆ ದೂರದಿಂದಲೇ ಹೇಳಿದಳು: "ಒಮ್ಮೆ ಬ್ಯಾಡ ಅಂದ್ರ ಮುಗೀತ್ರಿ. ಅವ್ರು ಅಂದಾಂಗ ನಡಕೊಳ್ಳೋ ಮನುಷ್ಯಾರು." ನಾನು ಎಲೆಯಿಂದ ತಲೆ ಎತ್ತಲಿಲ್ಲ. ಎತ್ತಿದ್ದರೆ ನನ್ನ ಕಣ್ಣನ್ನು ಜನ ನೋಡುತ್ತಿದ್ದರು.

ಬಾಯಿಯವರು ಅಂದಿನಿಂದ ನಾಲಿಗೆ ಮತ್ತು ರಕ್ತದ ತಮ್ಮ ಆ ಪ್ರಸಿದ್ಧ ಮಾತನ್ನು ಆಡುವುದನ್ನು ಬಿಟ್ಟರು. ಬೈಯುವುದನ್ನು ಬಿಡಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವರು ಗಜೇಂದ್ರಗಡದ ತಮ್ಮ ಮನೆಯಲ್ಲಿ ತೀರಿಕೊಂಡರು. ಕೆಲವು ದಿನಗಳಿಂದ ಎದೆಯ ತೊಂದರೆ ಇತ್ತಂತೆ. ಯಾರಿಗೂ ಹೇಳಿರಲಿಲ್ಲ. ಸುದ್ದಿ ತಿಳಿದು ನಾನು ಬಸ್ಸಿನಲ್ಲಿ ಹೋದೆ. ಮೂರೂ ಊರಿನ ಜನ ಆ ಸಣ್ಣ ಓಣಿಯಲ್ಲಿ ನೆರೆದಿದ್ದರು. ಪ್ರತಿಯೊಬ್ಬರೂ ತಮಗೆ ಬಾಯಿಯವರು ಬೈದದ್ದನ್ನು ನೆನೆಯುತ್ತಿದ್ದರು. "ನನಗ ದನಾ ಅಂದಿದ್ರು" ಎಂದು ಒಬ್ಬ ನೇಕಾರರು ಕಣ್ಣೊರೆಸಿಕೊಂಡರು. ನಾನು ಕಚೇರಿಯಲ್ಲಿದ್ದವನೆಂದು, ನಾಲ್ಕು ಮಾತಾಡಲು ಯಾರೋ ನನ್ನನ್ನು ಮುಂದಕ್ಕೆ ತಳ್ಳಿದರು. ಅವರು ನಮ್ಮ ಅಡುಗೆಮನೆಯಲ್ಲಿ ನಿಂತು 'ನಂದ ತಪ್ಪಾತು' ಎಂದದ್ದನ್ನು ಹೇಳಬೇಕೆಂದಿದ್ದೆ. ಆಗಲಿಲ್ಲ. "ಒಳ್ಳೆಯವರು" ಎಂದಷ್ಟೇ ಹೇಳಿ ಹಿಂದಕ್ಕೆ ಸರಿದೆ. ಆ ದಿನ ಹೇಳಲಾಗದ್ದನ್ನು ಈ ಮೂಲಕ ತಮ್ಮ ಅವಗಾಹನೆಗೆ ತಂದಿದ್ದೇನೆ.

ಮನೆಗೆ ಮರಳಿ ಅವ್ವನಿಗೆ ಸುದ್ದಿ ತಿಳಿಸಿದೆ. ಅವ್ವನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಗೋಡೆಗೆ ಒರಗಿ ಕುಳಿತಿರುತ್ತಾಳೆ. ನನ್ನ ದನಿ ಬಂದ ಕಡೆ ಮುಖ ತಿರುಗಿಸಿ, "ಎಲ್ಲಾರ್ಗೂ ಬೈದ್ರು. ಬೈಯಬೇಕಾದ ನನಗ ಮಾತ್ರ ಬೈಲಿಲ್ಲ ನೋಡು ತಮ್ಮಾ" ಎಂದಳು.

ಈ ಬರಹದಲ್ಲಿ ಕಾಗುಣಿತದ ತಪ್ಪುಗಳು ಖಂಡಿತ ಇರುತ್ತವೆ, ದಯವಿಟ್ಟು ತಿದ್ದಿ ಓದಿಕೊಳ್ಳಬೇಕು. ಕೊಬ್ಬು, ಪ್ರೋಟೀನು, ಇನ್ಸುಲಿನ್ ವಿಷಯದಲ್ಲಿ ನಾನು ಬರೆದದ್ದು ಕೇಳಿದ ನೆನಪು ಮಾತ್ರ. ಓದುಗರಲ್ಲಿ ವೈದ್ಯರಿದ್ದರೆ ಅದನ್ನೂ ತಿದ್ದಬಹುದು. ಅವ್ವ ಉಂಡಿ ಕಟ್ಟಿದ ಸಂಗತಿಯನ್ನು ಮಾತ್ರ ಯಾರೂ ತಿದ್ದಬಾರದಾಗಿ ಪ್ರಾರ್ಥನೆ. ಡಾಕ್ಟರ್ ಬಾಯಿಯವರು ಅದನ್ನು ತಪ್ಪೆಂದು ಕರೆದಿರಲಿಲ್ಲ.